ಹತ್ತನೇ ಆನಿವರ್ಸರಿ ಟ್ರಿಪ್, ಡಿಕ್ಕಿಯಲ್ಲಿ ಗಾಲ್ಫ್ ಕಿಟ್: ಎರಡೂ ಒಟ್ಟಿಗೆ ಆಗುತ್ತಾ?

ಡಬಲ್‌ಬೋಗಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಲಹೆ ಬೇಕು, ಸ್ವಲ್ಪ ಧೈರ್ಯವೂ ಬೇಕು.

ಫೆಬ್ರವರಿ ಮೊದಲ ವಾರ ನಮ್ಮ ಮದುವೆಗೆ ಹತ್ತು ವರ್ಷ ತುಂಬುತ್ತದೆ. ಮಗಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ನಾವಿಬ್ಬರೇ ಮೂರು ದಿನ ಎಲ್ಲಾದರೂ ಹೋಗೋಣ ಅಂತ ಮಾತಾಗಿದೆ. ಹಸಿರು ಇರಬೇಕು, ಗಲಾಟೆ ಇರಬಾರದು. ಅವಳು ಕೇಳಿದ್ದು ಇಷ್ಟೇ. ಮಗಳು ಹುಟ್ಟಿದ ಮೇಲೆ ಹೀಗೆ ಇಬ್ಬರೇ ಹೊರಡುತ್ತಿರುವುದು ಇದೇ ಮೊದಲು.

ಇನ್ನು ನನ್ನ ರೋಗದ ವಿಷಯ. ಮೂರು ವರ್ಷದ ಹಿಂದೆ ಆಫೀಸಿನ ಸ್ನೇಹಿತರೊಬ್ಬರು ಇಲ್ಲಿ ರೇಸ್ ಕೋರ್ಸ್ ಒಳಗಿನ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದರು. ಚಾಮುಂಡಿ ಬೆಟ್ಟ ನೋಡಿಕೊಂಡು ಒಂದು ಒಳ್ಳೆ ಹೊಡೆತ ಹೊಡೆದೆ, ಅಷ್ಟೇ, ಅಂಟಿಕೊಂಡಿತು. ಬೆಟ್ಟದ ಮೇಲಿನ ಕೋರ್ಸ್‌ನಲ್ಲಿ ಇನ್ನೂ ಆಡಿಲ್ಲ. ಈ ಮೂರು ದಿನದಲ್ಲಿ ಒಂದು ರೌಂಡ್, ಹೆಚ್ಚೆಂದರೆ ಎರಡು ಆಡಬೇಕು ಅಂತ ಆಸೆ.

ಊಟಿ, ಕೊಡಗು, ಚಿಕ್ಕಮಗಳೂರು ಮೂರೂ ತಲೆಯಲ್ಲಿವೆ. ಅವಳಿಗೆ ಗಾಲ್ಫ್ ವಿಷಯ ಹೇಳಿಲ್ಲ. ಕಿಟ್ ಡಿಕ್ಕಿಯಲ್ಲಿ ಕಂಬಳಿ ಕೆಳಗೆ ಇಟ್ಟಿರುತ್ತೇನೆ. ಅಲ್ಲಿಗೆ ಹೋದ ಮೇಲೆ, "ಅರೆ, ಇಲ್ಲೇ ಒಂದು ಗಾಲ್ಫ್ ಕೋರ್ಸ್ ಇದೆಯಲ್ಲ!" ಅಂತ ಸಹಜವಾಗಿ ಹೇಳುವುದು. ಹೇಗಿದೆ ಐಡಿಯಾ?

ಒಗ್ಗರಣೆ_ಡಬ್ಬಿ

ಐಡಿಯಾ ಹೇಗಿದೆ ಅಂದರೆ, ಹನ್ನೊಂದನೇ ಆನಿವರ್ಸರಿಗೆ ಟ್ರಿಪ್ ಬೇಕಾಗುವುದಿಲ್ಲ, ಹಾಗಿದೆ.

ಸುಮ್ನೆ_ಓದುಗ

ಕಂಬಳಿ ಕೆಳಗೆ ಕಿಟ್! ಸರ್, ಗಾಲ್ಫ್ ಕಿಟ್ ಅಂದರೆ ಏನು ಸಣ್ಣ ಕ್ರಿಕೆಟ್ ಬ್ಯಾಟಾ? ಡಿಕ್ಕಿಯಲ್ಲಿ ಹೆಣ ಸಾಗಿಸಿದ ಹಾಗೆ ಕಾಣುತ್ತೆ.

ಒಗ್ಗರಣೆ_ಡಬ್ಬಿ

ತಮಾಷೆ ಬಿಟ್ಟು ಹೇಳುತ್ತೇನೆ, ಏಕೆಂದರೆ ನಿಮ್ಮ ಮನೆಯವರ ಜಾಗದಲ್ಲಿ ನಾನು ಕೂತು ಬಂದಿದ್ದೇನೆ. ನಮ್ಮ ಯಜಮಾನರದೂ ಇದೇ ರೋಗ. ನಾಲ್ಕು ವರ್ಷದ ಹಿಂದೆ ಒಂದು ರೆಸಾರ್ಟ್‌ಗೆ ಹೋಗಿದ್ದೆವು, ಹೆಸರು ಬೇಡ. "ಬೆಳಿಗ್ಗೆ ಒಂದು ರೌಂಡ್, ಆಮೇಲೆ ಪೂರ್ತಿ ದಿನ ನಿನ್ನದೇ" ಅಂದರು. ಲೆಕ್ಕ ನೋಡಿ. ಒಂದು ರೌಂಡ್ ಅಂದರೆ ಹದಿನೆಂಟು ಹೋಲ್, ಚೆಂಡು ಹಾಕಬೇಕಾದ ಹದಿನೆಂಟು ಗುಂಡಿ. ಅದಕ್ಕೆ ನಾಲ್ಕು ಗಂಟೆ. ಮುಂದಿನ ಗುಂಪು ನಿಧಾನವಾದರೆ ಐದು. ಅದಕ್ಕೆ ಮೊದಲು ಕೈ ಬಿಸಿ ಮಾಡಿಕೊಳ್ಳಲು ಅರ್ಧ ಗಂಟೆ. ಮುಗಿದ ಮೇಲೆ ಕ್ಲಬ್ಬಿನಲ್ಲಿ ಕೂತು ಹದಿನೆಂಟು ಹೋಲನ್ನೂ ಬಾಯಲ್ಲಿ ಇನ್ನೊಂದು ಸಲ ಆಡಬೇಕು, ಅದಕ್ಕೆ ಒಂದೂವರೆ ಗಂಟೆ. ಬಂದು ಸ್ನಾನ, ಊಟ. ಆಮೇಲೆ ಏಳೆಂಟು ಕಿಲೋಮೀಟರ್ ನಡೆದ ಸುಸ್ತಿಗೆ ನಿದ್ದೆ. ಎದ್ದಾಗ ಸಂಜೆ ಐದು. "ಸ್ಪಾ ಇತ್ತಲ್ಲ, ಹೋಗಬಹುದಿತ್ತಲ್ಲ" ಅಂತ ಬೇರೆ ಕೇಳಿದರು.

ಆ ದಿನ ನಾನು ವರಾಂಡದಲ್ಲಿ ಕೂತು ಎರಡು ಬಾಳೆಗಿಡ ನೋಡುತ್ತಾ ಮೂರು ಕಾಫಿ ಕುಡಿದೆ. ನನಗೆ ಗಾಲ್ಫ್ ಮೇಲೆ ಸಿಟ್ಟಿಲ್ಲ. ನನ್ನನ್ನು ಸಾಮಾನಿನ ಜೊತೆ ರೂಮಲ್ಲಿ ಇಟ್ಟು ಹೋದರಲ್ಲ, ಅದಕ್ಕೆ ಸಿಟ್ಟು.

ಮೊದಲು ಹೇಳಿ. ಇವತ್ತೇ ಹೇಳಿ.

ನಿವೃತ್ತ_ಫೋರ್‌ಬಾಲ್

ಮೇಡಂ ಹೇಳಿದ ಸಮಯದ ಲೆಕ್ಕ ನೂರಕ್ಕೆ ನೂರು ಸರಿ. ಬಾಯಲ್ಲಿ ಆಡುವ ರೌಂಡ್‌ಗೆ ಒಂದೂವರೆ ಗಂಟೆ ಅಂದಿದ್ದು ಮಾತ್ರ ಕಡಿಮೆಯಾಯಿತು.

ನಾನು ಈ ಆಟ ಕಲಿತದ್ದು ಒಂದು ಸಣ್ಣ ಕಂಟೋನ್ಮೆಂಟ್ ಕೋರ್ಸ್‌ನಲ್ಲಿ. ಅಲ್ಲಿ ಗುಂಡಿಯ ಸುತ್ತ ನುಣುಪಾಗಿ ಹುಲ್ಲು ಕತ್ತರಿಸಿದ ಗ್ರೀನ್ ಇರಲಿಲ್ಲ, ಬ್ರೌನ್ ಇತ್ತು. ಅಂದರೆ ಹುಲ್ಲಿನ ಬದಲು ಎಣ್ಣೆ ಹಾಕಿ ಗಟ್ಟಿ ಮಾಡಿದ ಮರಳು. ನಲವತ್ತು ವರ್ಷ ಆಡಿದ್ದೇನೆ. ಹೆಂಡತಿ ಜೊತೆ ಹೋದಾಗ ನನ್ನದು ಒಂದೇ ನಿಯಮ: ಒಂಬತ್ತು ಹೋಲ್ ಮಾತ್ರ. ಎರಡು ಗಂಟೆಯಲ್ಲಿ ಮುಗಿಯುತ್ತದೆ. ಅವಳು ಏಳುವ ಹೊತ್ತಿಗೆ ವಾಪಸ್ ಬಂದು ಕಾಫಿ ನಾನೇ ಹೇಳಿರುತ್ತೇನೆ. ಇಡೀ ರೌಂಡ್ ಆಡಲೇಬೇಕು ಅನ್ನುವ ಹಟ ಸ್ನೇಹಿತರ ಜೊತೆ ಹೋದಾಗ ಇಟ್ಟುಕೊಳ್ಳಿ.

ಕಾಫಿತೋಟದವಳು

ಕೊಡಗಿನವಳಾಗಿ ಸುಮ್ಮನಿರಲು ಆಗುತ್ತಾ?

ನಮ್ಮಲ್ಲಿ ಗಾಲ್ಫ್ ಹೊಸದಲ್ಲ. ಪ್ಲಾಂಟರ್‌ಗಳ ಕಾಲದಿಂದ ಇದೆ. ವಿರಾಜಪೇಟೆ ಹತ್ತಿರ ಬಿಟ್ಟಂಗಾಲದಲ್ಲಿ ಇದೆ, ಮಡಿಕೇರಿಯಲ್ಲಿದೆ, ಪೊಲ್ಲಿಬೆಟ್ಟದ ತೋಟಗಳ ನಡುವೆ ಒಂಬತ್ತು ಹೋಲಿನದೂ ಇದೆ. ತೋಟದ ಮಧ್ಯದ ಹೋಂಸ್ಟೇ ಹಿಡಿದರೆ ಬೇರೆ ಎಲ್ಲೂ ಹೋಗುವುದೇ ಬೇಡ. ಫೆಬ್ರವರಿ ಮೊದಲ ವಾರ ಅಂದರೆ ರೋಬಸ್ಟಾ ಕಾಫಿಯ ಕುಯ್ಲು ಇನ್ನೂ ನಡೆಯುತ್ತಿರುತ್ತದೆ. ಕಣದಲ್ಲಿ ಹಣ್ಣು ಒಣಗುವ ಹುಳಿ ವಾಸನೆ ಕೆಲವರಿಗೆ ಆಗಲ್ಲ. ನನಗೆ ಅದೇ ಊರಿನ ವಾಸನೆ.

ಹೂವು ನೋಡಬೇಕು ಅಂತಿದ್ದರೆ ಸ್ವಲ್ಪ ತಡೆಯಿರಿ. ಮಾರ್ಚ್ ಸುಮಾರಿಗೆ ಒಂದು ಮಳೆ ಬೀಳಬೇಕು. ಬಿದ್ದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆ ಥರ ಘಮ. ಆದರೆ ಮೂರು ನಾಲ್ಕು ದಿನ ಅಷ್ಟೇ. ಮಳೆಯ ತಾರೀಕು ಯಾರ ಕೈಯಲ್ಲೂ ಇಲ್ಲ, ನಿಮ್ಮ ಮದುವೆ ತಾರೀಕಿನ ಹಾಗಲ್ಲ.

ಇಬ್ಬರೇ ಹೋಗಲು ಜಾಗ ಬೇಕಾ? ಕಕ್ಕಬ್ಬೆ ಕಡೆ ಹೋಗಿ. ನಾಲ್ಕುನಾಡು ಅರಮನೆ ಇದೆ, ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ್ದು. ತಡಿಯಂಡಮೋಳ್ ಬೆಟ್ಟ ಹತ್ತುವವರು ಅದರ ಮುಂದೆಯೇ ಹಾದು ಹೋಗುತ್ತಾರೆ. ಒಳಗೆ ಹೋಗುವವರು ಕಡಿಮೆ. ಚೇಲಾವರ ಜಲಪಾತವೂ ಆ ಕಡೆಗೇ.

ಒಂದು ಎಚ್ಚರಿಕೆ. ಸಿದ್ದಾಪುರ, ಪೊಲ್ಲಿಬೆಟ್ಟ ಕಡೆ ಉಳಿದರೆ ಬೆಳಕು ಹರಿಯುವ ಮೊದಲು ಕಿಟ್ ಹೆಗಲಿಗೆ ಹಾಕಿಕೊಂಡು ತೋಟದ ರಸ್ತೆಯಲ್ಲಿ ನಡೆದು ಹೋಗುವ ಸಾಹಸ ಬೇಡ. ಆನೆ ಬರುತ್ತೆ. ಇದು ಪ್ರವಾಸಿಗರಿಗೆ ಹೇಳುವ ಕಥೆ ಅಲ್ಲ, ನಮ್ಮ ಮನೆ ಗೇಟ್ ಎರಡು ಸಲ ಹೋಗಿದೆ.

ಅರ್ಧಸೆಟ್

ಚಿಕ್ಕಮಗಳೂರಿನ ಬಗ್ಗೆ ಚಿಕ್ಕದಾಗಿ: ಕೋರ್ಸ್ ಚೆನ್ನಾಗಿದೆ, ಬೆಟ್ಟ ಕಾಣುತ್ತೆ. ಆದರೆ ಶನಿವಾರ ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ರೊಮ್ಯಾನ್ಸ್ ಅಲ್ಲ, ಮಾತೇ ನಿಂತುಹೋಗುತ್ತೆ. ವಾರದ ನಡುವೆ ಆದರೆ ಮಾತ್ರ.

ಕಿಟ್ ಬಗ್ಗೆ ದೊಡ್ಡದಾಗಿ: ನಿಯಮದ ಪ್ರಕಾರ ಹದಿನಾಲ್ಕು ಕ್ಲಬ್ (ಚೆಂಡು ಹೊಡೆಯುವ ಕೋಲು) ತನಕ ಇಟ್ಟುಕೊಳ್ಳಬಹುದು. ಇಟ್ಟುಕೊಳ್ಳಲೇಬೇಕು ಅಂತ ಎಲ್ಲೂ ಇಲ್ಲ. ನಾನು ಏಳು ತೆಗೆದುಕೊಂಡು ಹೋಗುತ್ತೇನೆ. ಒಂದು ಹೈಬ್ರಿಡ್, 5, 7, 9 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್. ಸಣ್ಣ ಬ್ಯಾಗು. ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಕೂರುತ್ತೆ. ಡ್ರೈವರ್, ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಉದ್ದದ ಕ್ಲಬ್, ಮನೆಯಲ್ಲೇ ಇರಲಿ. ಬೆಟ್ಟದ ಕೋರ್ಸ್‌ನಲ್ಲಿ ಅದು ಚೆಂಡು ಕಳೆಯುವ ಯಂತ್ರ. ಡಿಕ್ಕಿ ಪೂರ್ತಿ ಮೇಡಂ ಬ್ಯಾಗಿಗೆ ಬಿಡಿ. ಯಾರ ಟ್ರಿಪ್ ಅನ್ನುವುದು ಡಿಕ್ಕಿ ತೆಗೆದಾಗಲೇ ಗೊತ್ತಾಗಿಬಿಡುತ್ತೆ.

ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್ ಮರೆಯಬೇಡಿ. ಹಳೆ ಕ್ಲಬ್‌ಗಳಲ್ಲಿ ಗೇಟಲ್ಲೇ ನೋಡುತ್ತಾರೆ. ಮೆಂಬರ್ ಅಲ್ಲದವರಿಗೆ ಯಾವ ದಿನ ಬಿಡುತ್ತಾರೆ, ಗ್ರೀನ್ ಫೀ (ಆಡಲು ಕೊಡುವ ದುಡ್ಡು) ಎಷ್ಟು, ಜೊತೆಗೆ ಬಂದು ಸಹಾಯ ಮಾಡುವ ಕ್ಯಾಡಿ ಸಿಗುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಟೂರ್ನಮೆಂಟ್ ಇದ್ದರೆ ಹೊರಗಿನವರಿಗೆ ಇಲ್ಲ.

ಡಬಲ್‌ಬೋಗಿ_ಮೈಸೂರು

ಹೇಳಿಬಿಟ್ಟೆ.

ರಾತ್ರಿ ಊಟ ಆದ ಮೇಲೆ ಮೆಲ್ಲಗೆ ಶುರು ಮಾಡಿದೆ. ಅವಳು ತಟ್ಟೆ ಎತ್ತುತ್ತಾ, "ಗೊತ್ತು. ಕಂಬಳಿ ಒಗೆಯಲು ತೆಗೆದಾಗಲೇ ನೋಡಿದೆ" ಅಂದಳು. ನಾನು ನಾಲ್ಕು ದಿನ ಮೊದಲೇ ಕಿಟ್ ಕಾರಿಗೆ ಹಾಕಿ ರಿಹರ್ಸಲ್ ಮಾಡಿದ್ದೆ, ಅದು ನನ್ನ ತಪ್ಪು.

ಸಿಟ್ಟು ಮಾಡಲಿಲ್ಲ. ಎರಡು ಷರತ್ತು ಹಾಕಿದಳು. ಒಂದು, ಮೂರು ದಿನದ ಪ್ಲಾನ್ ಅವಳು ಹಾಕುತ್ತಾಳೆ, ಉಳಿದ ಜಾಗದಲ್ಲಿ ಗಾಲ್ಫ್ ಸೇರಿಸಿಕೊಳ್ಳುವುದು ನನ್ನ ಪಾಡು. ಎರಡು, ಅವಳಿಗೆ ಊಟಿ ರೈಲು ಬೇಕು. ಮೈಸೂರಲ್ಲಿ ಹುಟ್ಟಿ ಬೆಳೆದರೂ ಅವಳು ಆ ರೈಲಿನಲ್ಲಿ ಕೂತಿಲ್ಲವಂತೆ, ನನಗೆ ಇವತ್ತಿನ ತನಕ ಗೊತ್ತೇ ಇರಲಿಲ್ಲ. ಹಾಗಾಗಿ ಊಟಿ ಖಾಯಂ. ಕಾಫಿತೋಟದವರೇ ಕ್ಷಮಿಸಿ, ಮುಂದಿನ ಸಲ ಹೂವಿಗೆ ಬರುತ್ತೇವೆ.

ಆದರೆ ಊಟಿ ಪೇಟೆಯಲ್ಲಿ ಉಳಿಯುವುದು ಅವಳಿಗೆ ಇಷ್ಟವಿಲ್ಲ. ಎಲ್ಲಿ ಉಳಿಯೋಣ?

ಗುಂಡ್ಲುಪೇಟೆ_ಹುಡುಗ

ಉಳಿಯುವುದು ಆಮೇಲೆ, ಮೊದಲು ಹೋಗಿ ತಲುಪಿ.

ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ. ಬಂಡೀಪುರ ಕಾಡಿನ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಬಂದ್. ವಾಪಸ್ ಬರುವಾಗಲೂ ಇದೇ ಲೆಕ್ಕ, "ಇನ್ನೊಂದು ಒಂಬತ್ತು ಹೋಲ್" ಅಂತ ಕೂತರೆ ಗೂಡಲೂರಲ್ಲೇ ರಾತ್ರಿ ಕಳೆಯಬೇಕು. ತೆಪ್ಪಕಾಡಿನಿಂದ ಎರಡು ದಾರಿ. ಮಸಿನಗುಡಿ, ಕಲ್ಲಹಟ್ಟಿ ಮೇಲೆ ಹತ್ತಿರ, ಆದರೆ 36 ಹೇರ್‌ಪಿನ್ ತಿರುವು, ಕಡಿದಾದ ಏರು. ಗೂಡಲೂರು, ಪೈಕಾರ ಮೇಲೆ ಸುಮಾರು ಮೂವತ್ತು ಕಿಲೋಮೀಟರ್ ಜಾಸ್ತಿ, ಆದರೆ ರಸ್ತೆ ಅಗಲ. ನೀವು ಗೂಡಲೂರು ಮೇಲೆ ಹೋಗಿ. ಗಾಲ್ಫ್ ಕೋರ್ಸ್ ಇರುವುದೂ ಅದೇ ದಾರಿಯಲ್ಲಿ, ಪೇಟೆಗೆ ಮೊದಲೇ, ಫಿಂಗರ್ ಪೋಸ್ಟ್ ಹತ್ತಿರ.

ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬಂದಿದೆ. ಹೊರಡುವ ಮೊದಲು ಮೊಬೈಲಿನಲ್ಲೇ ಮಾಡಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ಚೆಕ್‌ಪೋಸ್ಟಲ್ಲಿ ತೆಗೆದಿಡುತ್ತಾರೆ. ಸ್ಟೀಲ್ ಬಾಟಲಿ ತುಂಬಿಸಿಕೊಂಡು ಹೋಗಿ.

ಬಡಗು_ದಿಕ್ಕು

ನಾನು ಕೋತಗಿರಿ ಕಡೆಯವನು, ಬಡಗ. ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರೆಯುತ್ತೇನೆ. ತಪ್ಪಿದ್ದರೆ ಕ್ಷಮಿಸಿ.

ಅಕ್ಕನವರಿಗೆ ಗಲಾಟೆ ಬೇಡ ಅಂದರೆ ಕೋತಗಿರಿಗೆ ಬರಲಿ. ಊಟಿಯಿಂದ ಮೂವತ್ತು ಕಿಲೋಮೀಟರ್, ದೊಡ್ಡಬೆಟ್ಟದ ಮಗ್ಗುಲಿನ ರಸ್ತೆ. ಊಟಿಗಿಂತ ತಗ್ಗು, ಚಳಿ ಕಡಿಮೆ. ಪೇಟೆ ಸಣ್ಣದು. ಚಹಾ ತೋಟ, ನಡುವೆ ನಮ್ಮ ಹಟ್ಟಿಗಳು. ಊರಿಗೆ ನಾವು ಹಟ್ಟಿ ಅನ್ನುತ್ತೇವೆ, ಸಾಲು ಮನೆ. ನಮ್ಮ ಮಾತು ಕೇಳಿದರೆ ಅರ್ಧ ನಿಮಗೆ ತಿಳಿಯುತ್ತದೆ. ಬಡಗ ಅಂದರೆ ಬಡಗಣದಿಂದ ಬಂದವರು, ಅಂದರೆ ನಿಮ್ಮ ಮೈಸೂರು ಸೀಮೆಯಿಂದಲೇ ಬಂದವರು ಅಂತ ನಮ್ಮ ಹಿರಿಯರ ಮಾತು.

ಕನ್ನೇರಿಮುಕ್ಕಿನಲ್ಲಿ ಸಲಿವನ್ ಬಂಗಲೆ ಇದೆ, 1819ರದ್ದು. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ ಮೊದಲು ಮನೆ ಕಟ್ಟಿದ್ದು ಅಲ್ಲಿ, ಊಟಿ ಆಮೇಲೆ. ಈಗ ಕೆಂಪು ಬಣ್ಣ ಬಳಿದು ಮ್ಯೂಸಿಯಂ ಮಾಡಿದ್ದಾರೆ. ಕೊಡನಾಡು ವ್ಯೂಪಾಯಿಂಟಿಗೆ ಬೆಳಿಗ್ಗೆ ಹೋಗಿ. ಕೆಳಗೆ ಮೋಯಾರ್ ಕಣಿವೆ, ಆಚೆ ಬಯಲು.

ತಿಂಗಳು ಚೆನ್ನಾಗಿ ಆರಿಸಿದ್ದೀರಿ. ನಮ್ಮ ಕಡೆ ಜಾಸ್ತಿ ಮಳೆ ಅಕ್ಟೋಬರ್, ನವೆಂಬರಿನಲ್ಲಿ. ಊಟಿಯ ಪಡುವಣ ಕಡೆ ಜೂನ್, ಜುಲೈನಲ್ಲಿ. ಒಂದೇ ಜಿಲ್ಲೆ, ಎರಡು ಮಳೆಗಾಲ. ಫೆಬ್ರವರಿಯಲ್ಲಿ ಎರಡೂ ಇಲ್ಲ. ಆದರೆ ಊಟಿಯಲ್ಲಿ ಬೆಳಿಗ್ಗೆ ಫ್ರಾಸ್ಟ್ ಇರಬಹುದು, ಹುಲ್ಲೆಲ್ಲ ಉಪ್ಪು ಸುರಿದ ಹಾಗೆ. ಗಾಲ್ಫ್ ಆಡುವವರು ಅದನ್ನು ನೆನಪಿಡಬೇಕು.

ನಿವೃತ್ತ_ಫೋರ್‌ಬಾಲ್

ಫ್ರಾಸ್ಟ್ ವಿಷಯ ಬಹಳ ಮುಖ್ಯ. ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಕಾಲಿಟ್ಟರೆ ಎಸಳು ಮುರಿದು ಕಪ್ಪಗಾಗುತ್ತದೆ, ಹೆಜ್ಜೆ ಗುರುತು ಎಷ್ಟೋ ದಿನ ಉಳಿಯುತ್ತದೆ. ಅದಕ್ಕೆ ಬಿಸಿಲು ಬಂದು ಕರಗುವ ತನಕ ಗ್ರೀನ್ ಮೇಲೆ ಬಿಡುವುದಿಲ್ಲ. ಆರೂವರೆಗೆ ಟೀ ಆಫ್ (ಮೊದಲ ಹೊಡೆತ) ಅಂತ ನೀವು ಅಂದುಕೊಂಡಿದ್ದರೆ ಎಂಟಾಗಬಹುದು. ಆ ಒಂದೂವರೆ ಗಂಟೆ ಮನೆಯವರ ಖಾತೆಯಿಂದ ಕಡಿಯಬೇಡಿ, ನಿಮ್ಮ ಹೋಲ್‌ಗಳಿಂದ ಕಡಿಯಿರಿ.

ಇನ್ನೊಂದು. ಊಟಿ ಸುಮಾರು 2,200 ಮೀಟರ್ ಎತ್ತರ. ಗಾಳಿ ತೆಳು, ಚೆಂಡು ಮೈಸೂರಿಗಿಂತ ದೂರ ಹಾರುತ್ತದೆ. ಚಳಿಯಲ್ಲಿ ಅದರ ಸ್ವಲ್ಪ ಭಾಗ ಕಳೆದುಹೋಗುತ್ತದೆ ಅನ್ನಿ. ಆದರೂ 7 ಐರನ್ ಹೊಡೆಯುವ ಕಡೆ 8 ಹಿಡಿದು ನೋಡಿ, ನಂಬರ್ ಹೆಚ್ಚಿದಷ್ಟೂ ದೂರ ಕಡಿಮೆ. ಕಾರಣ ಗೊತ್ತಿಲ್ಲದೆ ನಾನು ಮೊದಲ ಸಲ ಮೂರು ಗ್ರೀನ್ ದಾಟಿಸಿ ಪೊದೆಗೆ ಹಾಕಿದ್ದೆ. ಆ ಹಳದಿ ಹೂವಿನ ಮುಳ್ಳು ಪೊದೆಗೆ ಹೋದ ಚೆಂಡನ್ನು ಹುಡುಕಬೇಡಿ. ಕೈ ಗೀರಿಕೊಂಡು ಬಂದರೆ ಫೋಟೋ ಚೆನ್ನಾಗಿ ಬರಲ್ಲ.

ಎಡಿನ್‌ಬರದಿಂದ

ತಡವಾಗಿ ಬಂದೆ. ನಮ್ಮ ಕಥೆಯೂ ಸ್ವಲ್ಪ ಕೇಳಿ, ಕೆಲಸಕ್ಕೆ ಬರಬಹುದು.

ಇಲ್ಲಿ ಸ್ಕಾಟ್ಲೆಂಡ್‌ನಲ್ಲಿ ನಮ್ಮವರಿಗೆ ಸೇಂಟ್ ಆಂಡ್ರೂಸ್ ಓಲ್ಡ್ ಕೋರ್ಸ್ ಅಂದರೆ ತಿರುಪತಿ. ಅಲ್ಲಿ ಆಡಲು ಹ್ಯಾಂಡಿಕ್ಯಾಪ್ (ಆಟದ ಮಟ್ಟ ಹೇಳುವ ಅಂಕ) ತೋರಿಸಬೇಕು, ಲಾಟರಿಯಲ್ಲಿ ಹೆಸರು ಬರಬೇಕು. ಎರಡು ಸಲ ಬರಲಿಲ್ಲ. ಮೂರನೇ ಸಲ ಶನಿವಾರಕ್ಕೆ ಬಂತು. ಅವರು ಆಡಿದರು. ನಾನು ವೆಸ್ಟ್ ಸ್ಯಾಂಡ್ಸ್ ಕಡಲತೀರದಲ್ಲಿ ನಡೆದೆ, ತುಂಬಾ ಗಾಳಿ, ತುಂಬಾ ಖುಷಿ.

ಹೇಳಬೇಕಾಗಿದ್ದು ಅದಲ್ಲ, ಮಾರನೇ ದಿನದ್ದು. ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟ ಇಲ್ಲ. ಊರಿನ ಜನ ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ಓಡಾಡುತ್ತಾರೆ. ನಾವೂ ಹೋದೆವು. ಹಿಂದಿನ ದಿನ ಎಲ್ಲಿ ಹೊಡೆದರು, ಯಾವ ಬಂಕರಿಗೆ (ಮರಳಿನ ಹೊಂಡಕ್ಕೆ) ಬಿದ್ದರು, ಎಲ್ಲಾ ತೋರಿಸುತ್ತಾ ನಡೆದರು. ಆ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ಒಟ್ಟಿಗೆ ನಿಂತೆವು. ಮನೆಯಲ್ಲಿ ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಗಾಲ್ಫ್ ಕಥೆ ಅವತ್ತು ಪೂರ್ತಿ ಕೇಳಿದೆ. ಜಾಗ ಕಣ್ಣ ಮುಂದೆ ಇತ್ತು, ಅದಕ್ಕೆ.

ಅಲ್ಲೇ ಪಕ್ಕದಲ್ಲಿ ಹಿಮಾಲಯಾಸ್ ಅಂತ ಒಂದು ಪಟಿಂಗ್ ಮೈದಾನ ಇದೆ. ಪೂರ್ತಿ ಉಬ್ಬು ತಗ್ಗು. 1867ರಲ್ಲಿ ಹೆಂಗಸರೇ ಶುರು ಮಾಡಿದ ಕ್ಲಬ್ಬಿನದು. ಆ ಕಾಲದಲ್ಲಿ ಹೆಂಗಸರು ತೋಳು ಭುಜದ ಮೇಲೆ ಎತ್ತಿ ಹೊಡೆಯುವುದು ಮರ್ಯಾದೆ ಅಲ್ಲ ಅಂತಿದ್ದರಂತೆ. ಸರಿ ಹಾಗಾದರೆ, ಪಟಿಂಗ್ ನಮ್ಮದು ಅಂತ ಅವರು ಜಾಗ ಮಾಡಿಕೊಂಡರು. ಸ್ವಲ್ಪ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಜೀವನದಲ್ಲಿ ಕ್ಲಬ್ ಮುಟ್ಟದ ನಾನು ನಮ್ಮವರನ್ನು ಸೋಲಿಸಿದೆ. ಪಟಿಂಗ್‌ಗೆ ತೋಳಿನ ಬಲ ಬೇಡ, ಲಗೋರಿ, ಗೋಲಿ ಆಡಿದ ಕಣ್ಣು ಸಾಕು.

ನೀವೂ ನಿಮ್ಮ ಮನೆಯವರನ್ನು ಹದಿನೆಂಟು ಹೋಲ್ ಹಿಂದೆ ಹಿಂದೆ ನಡೆಸಬೇಡಿ. ಪ್ರ್ಯಾಕ್ಟೀಸ್ ಗ್ರೀನ್‌ನಲ್ಲಿ ಅರ್ಧ ಗಂಟೆ ಪಟರ್ ಕೈಗೆ ಕೊಡಿ. ಕೊಟ್ಟ ಮೇಲೆ "ಹಿಡಿಯುವುದು ಹಾಗಲ್ಲ" ಅನ್ನಬೇಡಿ.

ಒಗ್ಗರಣೆ_ಡಬ್ಬಿ

ಕೊನೆಯ ಸಾಲನ್ನು ಪ್ರಿಂಟ್ ತೆಗೆದು ನಮ್ಮ ಫ್ರಿಜ್ಜಿಗೆ ಅಂಟಿಸುತ್ತಿದ್ದೇನೆ.

ಅರ್ಧಸೆಟ್

ನಾನು ಅದೇ ತಪ್ಪು ಮಾಡಿದ್ದೇನೆ. ಹಿಡಿತ ಸರಿ ಮಾಡಲು ಹೋಗಿ ಊಟದ ತನಕ ಮೌನ.

ಡಬಲ್‌ಬೋಗಿ_ಮೈಸೂರು

ಹೋಗಿ ಬಂದೆವು! ನಿನ್ನೆ ರಾತ್ರಿ ತಲುಪಿದ್ದು. ಎಂಟು ಗಂಟೆಗೇ ಬಂಡೀಪುರ ದಾಟಿದೆವು, ಗುಂಡ್ಲುಪೇಟೆ ಹುಡುಗನಿಗೆ ಥ್ಯಾಂಕ್ಸ್.

ಗುರುವಾರ ಬೆಳಿಗ್ಗೆ ಹೊರಟು ಗೂಡಲೂರು ಮೇಲೆ ಹೋದೆವು. ಫಿಂಗರ್ ಪೋಸ್ಟ್ ಹತ್ತಿರ ಹುಲ್ಲಿನ ಗುಡ್ಡ ಕಂಡಾಗ ನಾನು ಕಾರು ನಿಧಾನ ಮಾಡಿದೆ. "ನಾಳೆ" ಅಂದಳು. ಮುಂದೆ ಹೋದೆವು. ಉಳಿದದ್ದು ಕೋತಗಿರಿ ಹೊರಗೆ, ಚಹಾ ತೋಟದ ನಡುವಿನ ಎರಡು ರೂಮಿನ ಮನೆ. ಪಕ್ಕದ ಮನೆಯ ಅಜ್ಜಿ ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಿಸಿಲಿಗೆ ಕೂತಿದ್ದರು. ಇವಳು ಕನ್ನಡದಲ್ಲಿ, ಅವರು ಬಡಗ ಮಾತಿನಲ್ಲಿ, ಒಂದು ಗಂಟೆ. ನನಗೆ ಅರ್ಧ ಅರ್ಥವಾಯಿತು. ಇವಳಿಗೆ ಮುಕ್ಕಾಲು. ಏನು ಮಾತಾಡಿದಿರಿ ಅಂದರೆ, "ಬೆಳ್ಳುಳ್ಳಿ ರೇಟು, ಸೊಸೆ" ಅಂದಳು.

ಶುಕ್ರವಾರ ಗಾಲ್ಫ್. ಕೋತಗಿರಿಯಲ್ಲಿ ಉಳಿದರೆ ಇರುವ ಕಷ್ಟವನ್ನು ಇಲ್ಲಿ ಯಾರೂ ಹೇಳಲಿಲ್ಲ ನೋಡಿ, ಬೆಳಿಗ್ಗೆ ಒಂದು ಗಂಟೆ ಕಾಲ ಗುಡ್ಡದ ರಸ್ತೆಯಲ್ಲಿ ವಾಪಸ್ ಊಟಿಗೆ ಬರಬೇಕು. ಐದೂವರೆಗೆ ನಾನೊಬ್ಬನೇ ಹೊರಡುವುದು ಅಂತಿತ್ತು. ಅವಳೇ ಶಾಲು ಹೊದ್ದುಕೊಂಡು ಬಂದು ಕಾರಲ್ಲಿ ಕೂತಳು. "ನೀನಿಲ್ಲದೆ ಇಲ್ಲಿ ಕಾಫಿ ಯಾರು ಕೊಡುತ್ತಾರೆ" ಅಂದಳು. ಅದೇ ಕಾರಣ ಅಂತ ನಾನು ಒಪ್ಪಿಕೊಂಡೆ.

ಏಳಕ್ಕೆ ಮೊದಲು ತಲುಪಿದೆವು. ಬಡಗು ದಿಕ್ಕಿನವರು ಹೇಳಿದ ಹಾಗೇ, ಪೂರ್ತಿ ಬಿಳಿ. ಕ್ಯಾಡಿ ಅಣ್ಣ ಕೈ ಜೇಬಲ್ಲಿ ಇಟ್ಟುಕೊಂಡು, ಬಿಸಿಲು ಬರಲಿ ಅಂದರು. ಒಂದು ಗಂಟೆಗೂ ಜಾಸ್ತಿ ಕಾದೆವು. ಮೈಸೂರಲ್ಲಾಗಿದ್ದರೆ ನಾನು ಅಲ್ಲಿ ಇಲ್ಲಿ ಸಿಡಿಮಿಡಿ ಮಾಡುತ್ತಾ ಓಡಾಡುತ್ತಿದ್ದೆ. ಇಲ್ಲಿ ಇಬ್ಬರೂ ಒಂದೇ ಶಾಲಿನೊಳಗೆ ನಿಂತು ಬಿಸಿಲಿನ ಗೆರೆ ಗುಡ್ಡದಿಂದ ಕೆಳಗೆ ಇಳಿಯುವುದನ್ನು ನೋಡಿದೆವು. ಗೆರೆ ಬಂದ ಕಡೆಯೆಲ್ಲ ಬಿಳಿ ಹೋಗಿ ಹಸಿರು, ಮೇಲೆ ಸಣ್ಣಗೆ ಹೊಗೆ. ನಿಜ ಹೇಳಬೇಕೆಂದರೆ ಮೂರು ದಿನದಲ್ಲಿ ನನಗೆ ಜಾಸ್ತಿ ನೆನಪಿರುವುದು ಆ ಒಂದು ಗಂಟೆ. ಆಟ ಆಮೇಲೆ.

ಆಟ ಶುರುವಾದದ್ದು ಎಂಟೂಕಾಲಿಗೆ. ಹದಿನೆಂಟು ಆಡಿದರೆ ರೈಲು ತಪ್ಪುತ್ತದೆ. ಫೋರ್‌ಬಾಲ್ ಸರ್ ಮಾತು ನೆನಪಿಗೆ ಬಂತು, ಒಂಬತ್ತೇ ಆಡಿದೆ. 8 ಐರನ್ ಸಲಹೆ ಮೊದಲ ಹೋಲ್‌ನಲ್ಲಿ ಮರೆತೆ. ಚೆಂಡು ಮುಳ್ಳು ಪೊದೆಗೆ ಹೋಯಿತು, ಹುಡುಕಲಿಲ್ಲ. ಒಟ್ಟು 54 ಹೊಡೆತ. ಹೆಸರಿಗೆ ತಕ್ಕ ಆಟ, ಡಬಲ್ ಬೋಗಿ ಅಂದರೆ ಒಂದು ಹೋಲ್‌ಗೆ ಇರಬೇಕಾದ್ದಕ್ಕಿಂತ ಎರಡು ಹೊಡೆತ ಜಾಸ್ತಿ. ಅವಳು ಮೂರು ಹೋಲ್ ಜೊತೆ ನಡೆದಳು, ಆಮೇಲೆ ಮರದ ಕೆಳಗೆ ಕೂತು ಪುಸ್ತಕ ಓದಿದಳು. ನಾನು ಅವಳನ್ನು ಬನ್ನಿ, ನೋಡಿ ಅನ್ನಲಿಲ್ಲ.

ಕೊನೆಗೆ ಪ್ರ್ಯಾಕ್ಟೀಸ್ ಗ್ರೀನ್. ಎಡಿನ್‌ಬರದ ಮೇಡಂ, ಪಟರ್ ಕೊಟ್ಟೆ, ಬಾಯಿ ಮುಚ್ಚಿಕೊಂಡೆ. ಅವಳು ಪಟರನ್ನು ಪೊರಕೆ ಹಿಡಿದ ಹಾಗೆ ಹಿಡಿದು ಹದಿನೈದು ಅಡಿಯಿಂದ ಸೀದಾ ಒಳಗೆ ಹಾಕಿದಳು. ಕ್ಯಾಡಿ ಅಣ್ಣ ಚಪ್ಪಾಳೆ ತಟ್ಟಿದರು. ನನಗೆ ಆ ಬೆಳಿಗ್ಗೆ ಒಂದೂ ಚಪ್ಪಾಳೆ ಬಂದಿರಲಿಲ್ಲ.

ಮಧ್ಯಾಹ್ನ ಊಟಿಯಿಂದ ಕೂನೂರಿಗೆ ರೈಲು. ಲವ್‌ಡೇಲ್, ಕೇತ್ತಿ, ವೆಲ್ಲಿಂಗ್ಟನ್ ಒಂದೊಂದೇ ದಾಟಿ ಸುಮಾರು ಒಂದು ಗಂಟೆ. ಕಡಿದಾದ ಏರನ್ನು ರೈಲು ಕಚ್ಚಿಕೊಂಡು ಹತ್ತುವ ಹಲ್ಲಿನ ಹಳಿ ಇರುವುದು ಕೂನೂರಿನಿಂದ ಕೆಳಗೆ ಕಲ್ಲಾರ್ ತನಕ, ನಾವು ಅಲ್ಲಿಗೆ ಹೋಗಲಿಲ್ಲ. ಅವಳು ಕಿಟಕಿ ಬಿಡಲಿಲ್ಲ. ಪೂರ್ತಿ ದಾರಿ ನನ್ನ ಭುಜದ ಮೇಲೆ ಅವಳ ಮೊಣಕೈ. ಸುರಂಗ ಬಂದಾಗೆಲ್ಲ ಇಡೀ ಬೋಗಿಯ ಜನ ಕೂಗಿದರು, ಇವಳೂ ಕೂಗಿದಳು. ಹತ್ತು ವರ್ಷದಲ್ಲಿ ಇವಳು ಹಾಗೆ ಕೂಗಿದ್ದು ನಾನು ಕೇಳಿರಲಿಲ್ಲ. ನನ್ನ ಮೇಲೆ ಕೂಗಿದ್ದು ಬೇರೆ.

ಶನಿವಾರ ವಾಪಸ್ ಬರುವಾಗ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಹೋದೆವು. ಅದರ ಮರದ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯಿಂದ ತಂದವು, 1830ರ ಸುಮಾರಿಗೆ. ಮೈಸೂರಿನವರು ಕತ್ತೆತ್ತಿ ನೋಡಲೇಬೇಕು. ಆ ಕಾಲದಲ್ಲಿ ಅಷ್ಟು ಮರವನ್ನು ಈ ಘಾಟಿ ಹತ್ತಿಸಿದರಲ್ಲ, ನಾನು ಏಳು ಕ್ಲಬ್ ಹೊತ್ತು ಸುಸ್ತಾದೆ ಅನ್ನುತ್ತಿದ್ದೆ. ಸಲಿವನ್ನರ ಹೆಂಡತಿ, ಮಗಳ ಸಮಾಧಿ ಅಲ್ಲೇ ಇದೆ. ಅಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಮಗಳಿಗೆ ಫೋನ್ ಮಾಡಿದಳು.

ಕಾಫಿತೋಟದವಳು

ಚೆನ್ನಾಗಿದೆ, ಚೆನ್ನಾಗಿದೆ. ಆದರೂ ಕೊಡಗಿಗೆ ಬಂದಿದ್ದರೆ ಫ್ರಾಸ್ಟ್ ಇರುತ್ತಿರಲಿಲ್ಲ ಅಂತ ದಾಖಲೆಗೆ ಹೇಳಿಡುತ್ತೇನೆ.

ನಿವೃತ್ತ_ಫೋರ್‌ಬಾಲ್

ಒಂಬತ್ತು ಹೋಲ್‌ಗೆ 54. ಸರಾಸರಿ ಆರು. ಬೆಟ್ಟದಲ್ಲಿ ಮೊದಲ ಸಲ, ಚಳಿಯಲ್ಲಿ, ಹೆಂಡತಿ ನೋಡುತ್ತಿರುವಾಗ. ನಾನು ಒಳ್ಳೆ ಸ್ಕೋರ್ ಅನ್ನುತ್ತೇನೆ.

ಸುಮ್ನೆ_ಓದುಗ

ಕಂಬಳಿ ತೆಗೆದುಕೊಂಡು ಹೋಗಿದ್ದಿರಾ ಸರ್?

ಡಬಲ್‌ಬೋಗಿ_ಮೈಸೂರು

ಹೋಗಿದ್ದೆವು. ಕೋತಗಿರಿಯಲ್ಲಿ ರಾತ್ರಿ ಬೇಕಾಯಿತು. ಕಿಟ್ ಹಿಂದಿನ ಸೀಟಿನಲ್ಲಿ ರಾಜನ ಹಾಗೆ ಕೂತು ಬಂತು.

ಒಗ್ಗರಣೆ_ಡಬ್ಬಿ

ಈ ಥ್ರೆಡ್ ಲಿಂಕನ್ನು ನಮ್ಮವರಿಗೆ ಕಳಿಸಿದ್ದೆ. ಅರ್ಧ ಗಂಟೆ ಆದ ಮೇಲೆ ಉತ್ತರ ಬಂತು: "ಏಪ್ರಿಲ್‌ನಲ್ಲಿ ಕಕ್ಕಬ್ಬೆ ಕಡೆ ಹೋಗೋಣವಾ?" ಪ್ಲಾನ್ ನಾನು ಹಾಕುತ್ತೇನೆ ಅಂದೆ. ಕಾಫಿತೋಟದವರೇ, ಏಪ್ರಿಲ್ ಹೊತ್ತಿಗೆ ಹೂವು ಇರುತ್ತಾ?

ಕಾಫಿತೋಟದವಳು

ಮಳೆ ಕೇಳಬೇಕು ಅಕ್ಕ. ಮಾರ್ಚ್ ಕೊನೆಯಲ್ಲಿ ಒಂದು ಮೆಸೇಜ್ ಹಾಕಿ, ನೋಡಿ ಹೇಳುತ್ತೇನೆ. ಟಿಕೆಟ್ ಮಾತ್ರ ಈಗಲೇ ಮಾಡಬೇಡಿ.